ನಾನಿಟ್ಟ ಹೆಸರು

ಜೂನ್ ೩, ಸೋಮವಾರ

ನಮ್ಮ ಬಸ್ ಡಿಪೋದ ವರ್ಕ್‌ಶಾಪಿಗೆ ಇವತ್ತು ಒಂದು ಹುಡುಗಿ ಕೆಲಸಕ್ಕೆ ಬಂದಳು. ಆಫೀಸಿಗಲ್ಲ, ಸೀಟಿನ ಕವರು ಹೊಲಿಯುವ ಶೆಡ್ಡಿಗೂ ಅಲ್ಲ, ಬ್ರೇಕ್ ಸೆಕ್ಷನ್ನಿಗೆ. ಅಂದರೆ ನನ್ನ ಕೈಕೆಳಗೆ. ಆರು ವಾರ ಪರೀಕ್ಷೆ, ಪಾಸಾದರೆ ಕಾಯಂ. ಫೋರ್‌ಮನ್ ಗಡಿಯಾರ ಬೆಳಗಿನ ಹಾಜರಿಯಲ್ಲಿ ಆಕೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಇವರು ಹೊಸ ಮೆಕ್ಯಾನಿಕ್ಕು. ಎಲ್ಲರೂ ಸ್ವಲ್ಪ ಬಾಯಿ ನೋಡ್ಕೊಂಡು ಮಾತಾಡಿ" ಅಂದ. ಅಂದವನು ನೋಡಿದ್ದು ನನ್ನ ಬಾಯನ್ನೇ.

ಅವನಿಗೆ ಗಡಿಯಾರ ಅಂತ ಹೆಸರಿಟ್ಟವನು ನಾನು. ಅಮ್ಮ ಹೇಗಿದ್ದಾರೆ ಅಂತ ಕೇಳಿದರೂ ಮೊದಲು ಮಣಿಕಟ್ಟು ನೋಡಿಕೊಂಡು ಆಮೇಲೆ ಉತ್ತರ ಹೇಳುವ ಪ್ರಾಣಿ. ಒಂಟಿ ಕಾಲಿನ ಮೇಲೆ ನಿಂತು ಬೀಡಿ ಸೇದುವ ವೆಲ್ಡರಿಗೆ ಕೊಕ್ಕರೆ ಅಂತ ಇಟ್ಟವನೂ ನಾನೇ. ನಾನಿಟ್ಟ ಹೆಸರು ಹತ್ತಿತೆಂದರೆ ಹತ್ತಿತು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಹೆತ್ತವರಿಟ್ಟ ಹೆಸರು ಸಂಬಳದ ದಿನಕ್ಕೆ, ಮಾವ ಇಟ್ಟ ಹೆಸರು ವರ್ಷವಿಡೀ ಅಂತ ಡಿಪೋದಲ್ಲಿ ಗಾದೆಯೇ ಆಗಿದೆ. ಮಾವ ಅಂದರೆ ನಾನು, ಎಲ್ಲರಿಗೂ ಮಾವ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಪಾಟಿ ಇಟ್ಟು ಎದ್ದು ಬಂದವನು. ಆದರೇನು, ಬಸ್ಸು ಗೇಟಿನಲ್ಲಿ ನಿಲ್ಲುವ ಸದ್ದು ಕೇಳಿಯೇ ಯಾವ ಚಕ್ರದ ಬ್ರೇಕು ಸವೆದಿದೆ ಎಂದು ಹೇಳಬಲ್ಲೆ. ಡಿಗ್ರಿ ಮಾಡಿದವರು ಹೇಳಲಿ ನೋಡೋಣ.

ದೊಡ್ಡ ಸಾಹೇಬರಿಗೆ ಮಾತ್ರ ಹೆಸರಿಟ್ಟಿಲ್ಲ. ಅನ್ನ ಕೊಡುವವರಿಗೆ ಹೆಸರಿಡಬಾರದು.

ನಾಳೆ ಹುಡುಗಿಗೆ ಮೂಲೆ ಬಸ್ಸಿನ ಮುಹೂರ್ತ.

ಜೂನ್ ೪, ಮಂಗಳವಾರ

ನಕ್ಕು ನಕ್ಕು ಪಕ್ಕೆಲುಬು ಇನ್ನೂ ನೋಯುತ್ತಿದೆ.

ಮೂಲೆ ಬಸ್ಸೆಂದರೆ ಶೆಡ್ಡಿನ ಹಿಂದೆ ತುಕ್ಕು ಹಿಡಿದು ನಿಂತ ಗುಜರಿ. ಹೊಸಬರು ಯಾರೇ ಬಂದರೂ ಮೊದಲು ಅದರ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮು ಕಳಚಬೇಕು. ಕಚ್ಚಿಕೊಂಡ ಡ್ರಮ್ಮಿಗೆ ಅದರ ಮುಖದಲ್ಲೇ ಎರಡು ತೂತಿರುತ್ತವೆ; ಅವಕ್ಕೆ ಬೋಲ್ಟು ಹಾಕಿ ತಿರುಗಿಸಿದರೆ ಡ್ರಮ್ಮು ಎಳೆಗರುವಿನ ಹಾಗೆ ತಾನಾಗಿ ಹಿಂದೆ ಬರುತ್ತದೆ. ಆ ತೂತುಗಳಿಗೆ ನಾನು ಪುಟ್ಟಿ ತುಂಬಿ, ಮೇಲೆ ಮಸಿ ಬಳಿದು ಮುಚ್ಚಿಟ್ಟಿರುತ್ತೇನೆ. ಹೊಸಬ ಸುತ್ತಿಗೆ ಹಿಡಿದು ಬಡಿಯುತ್ತಾನೆ, ಬೆವರುತ್ತಾನೆ, ಬಯ್ಯುತ್ತಾನೆ. ಊಟದ ಹೊತ್ತಿಗೆ ನಾನು ಹೋಗಿ ಹೆಗಲ ಮೇಲೆ ಕೈ ಹಾಕಿ, ಪುಟ್ಟಿ ಕೆದಕಿ, ಎರಡು ಬೋಲ್ಟಿನಲ್ಲಿ ಕಳಚಿ ತೋರಿಸುತ್ತೇನೆ. ಎಲ್ಲರೂ ನಗುತ್ತಾರೆ, ಟೀ ಬರುತ್ತದೆ. ಅಲ್ಲಿಗೆ ಅವನು ನಮ್ಮವನಾದ. ಹೋದ ವರ್ಷ ಬಂದವನು ಸುತ್ತಿಗೆಯ ಹಿಡಿ ಮುರಿದು, ಜಾಕು ಬಗ್ಗಿಸಿ, ಕೊನೆಗೆ ಕೂತು ಅತ್ತೇಬಿಟ್ಟಿದ್ದ. ಬುಲ್ಡೋಜರ್ ಅಂತ ಹೆಸರಿಟ್ಟೆ. ಇವತ್ತಿಗೂ ಎದೆ ಉಬ್ಬಿಸಿಕೊಂಡು ಓಡಾಡುತ್ತಾನೆ.

ಈ ಹುಡುಗಿ ಬಡಿಯಲೇ ಇಲ್ಲ. ಸುತ್ತಲೂ ಕೈಯಾಡಿಸಿ ನೋಡಿ, "ಮಾವ, ಇದಕ್ಕೆ ಬೋಲ್ಟಿನ ತೂತು ಇಲ್ವಾ?" ಅಂದಳು.

"ಹಳೇ ಮಾಡೆಲ್ ತಾಯಿ. ಆಗಿನ್ನೂ ತೂತು ಕಂಡುಹಿಡಿದಿರಲಿಲ್ಲ" ಅಂದೆ.

ದೊಡ್ಡವನು ಹೇಳಿದ್ದೆಂದು ನಂಬಿದಳು. ಎಣ್ಣೆ ಬಿಟ್ಟಳು, ಸುತ್ತ ಮೆಲ್ಲಗೆ ತಟ್ಟಿದಳು, ಕಾದಳು, ಮತ್ತೆ ತಟ್ಟಿದಳು. ಊಟದ ಹೊತ್ತಿಗೆ ನಾನು ಎದ್ದೆ. ಕೊಕ್ಕರೆ ತೋಳು ಹಿಡಿದು, "ಕೂತ್ಕೋ ಮಾವ, ಇಂಥ ಸಿನಿಮಾ ಇನ್ನೆಲ್ಲಿ ಸಿಗುತ್ತೆ" ಅಂದ. ಕೂತೆ. ನಡುವೆ ಆಕೆ ಶೌಚಕ್ಕೆ ಹೋಗಬೇಕಾಯಿತು. ವರ್ಕ್‌ಶಾಪಿನಲ್ಲಿರುವುದು ಗಂಡಸರದ್ದೊಂದೇ. ಹೆಂಗಸರದ್ದರ ಬೀಗದ ಕೈ ಗೇಟಿನ ವಾಚ್‌ಮನ್ ಹತ್ತಿರ, ಕೋಣೆ ಅಲ್ಲಿಂದಾಚೆ ಪ್ರಯಾಣಿಕರ ನಿಲ್ದಾಣದಲ್ಲಿ. ಹೋದಾಗಲೊಮ್ಮೆ ಬಂದಾಗಲೊಮ್ಮೆ ಗಡಿಯಾರ ಮಣಿಕಟ್ಟು ನೋಡಿಕೊಂಡ. ಸಂಜೆ ಸೈರನ್ ಆದಾಗ ಎಲ್ಲರನ್ನೂ ಸುತ್ತ ನಿಲ್ಲಿಸಿ, ಬೋಲ್ಟು ಹಾಕಿ ಡ್ರಮ್ಮು ಕಳಚಿದೆ. "ಇನ್ಮೇಲೆ ನಿನ್ನ ಹೆಸರು ನಿಧಾನಮ್ಮ" ಅಂದೆ. ಶೆಡ್ಡಿನ ತಗಡು ಹಾರುವಂತೆ ನಕ್ಕರು.

ಆಕೆಯೂ ನಕ್ಕಳು. ನಕ್ಕಳು ಅಂದಮೇಲೆ ಬೇಜಾರಿಲ್ಲ ಅಂತಲೇ ಅರ್ಥ.

ಜೂನ್ ೧೪, ಶುಕ್ರವಾರ

ಹೆಸರು ಹತ್ತಿದೆ. ಟೀ ಮಾರುವವನೂ ನಿಧಾನಮ್ಮ ಅನ್ನುತ್ತಾನೆ. ಕೆಲಸ ಪರವಾಗಿಲ್ಲ ಹುಡುಗಿಯದು. ಬುಲ್ಡೋಜರ್ ಎರಡು ಚಕ್ರ ಮುಗಿಸುವಷ್ಟರಲ್ಲಿ ಈಕೆಯೂ ಎರಡು ಮುಗಿಸುತ್ತಾಳೆ, ಸಾಮಾನು ಒರೆಸಿಯೂ ಇಡುತ್ತಾಳೆ. ಆದರೂ ಡ್ರೈವರುಗಳು ಬಂದು, "ಏನು ನಿಧಾನಮ್ಮ, ನಾನು ರಿಟೈರ್ ಆಗೋದ್ರೊಳಗೆ ಬಸ್ ಸಿಗುತ್ತಾ?" ಅನ್ನುತ್ತಾರೆ.

"ಬಸ್ ಆಗಿದೆ ಅಣ್ಣ. ನಿಮ್ಮ ಟೀ ಆಗಿಲ್ಲ ಅಷ್ಟೇ" ಅಂದಳು ಇವತ್ತು. ಬಾಯಿ ಇದೆ. ನನ್ನ ಸೆಕ್ಷನ್ನಿನ ಗಾಳಿ.

ಜೂನ್ ೨೭, ಗುರುವಾರ

ವಿಶೇಷವಿಲ್ಲ. ಸೆಖೆ. ಗಾಳಿ ಪೈಪಿನ ನಟ್ಟಿನ ವಿಷಯ ಬರೆಯುವಂಥದ್ದೇನಲ್ಲ. ಹೇಳುವುದಿದ್ದರೆ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಡ್ರೈವರನ ಎದುರಿಗೆ ಯಾಕೆ? ದೊಡ್ಡವರು ಚಿಕ್ಕವರು ಅನ್ನುವುದು ಬೇಡವೆ.

ಜುಲೈ ೧೦, ಬುಧವಾರ

ಇವತ್ತಿನದನ್ನು ಬರೆದಿಡಲೇಬೇಕು. ಈ ಜನ್ಮದಲ್ಲಿ ಇದಕ್ಕಿಂತ ಒಳ್ಳೆಯ ಜೋಕು ನನ್ನ ಬಾಯಿಂದ ಬರಲಾರದು.

ಹುಡುಗಿಯ ಆರು ವಾರ ಈ ಶನಿವಾರ ಮುಗಿಯುತ್ತದೆ. ಮಧ್ಯಾಹ್ನ ದೊಡ್ಡ ಸಾಹೇಬರು ಗಡಿಯಾರನ ಜೊತೆ ಶೆಡ್ಡಿಗೆ ಬಂದರು. ನಾವೆಲ್ಲ ಟೀ ಕುಡಿಯುತ್ತ ನಿಂತಿದ್ದೆವು. ಸಾಹೇಬರು ನೇರ ನನ್ನನ್ನೇ ಕೇಳಿದರು: "ಏನಪ್ಪಾ, ನೀನೇ ಸೀನಿಯರ್. ಆ ಹುಡುಗಿ ಕೆಲಸ ಹೇಗೆ?"

ನಾನು ಲೋಟ ಕೆಳಗಿಟ್ಟು, ಕೈ ಕಟ್ಟಿಕೊಂಡು ಹೇಳಿದೆ: "ಸಾರ್, ಆಕೆ ಬ್ರೇಕು ಕಟ್ಟಿದ ಬಸ್ಸು ಎಲ್ಲೂ ಅಪಘಾತ ಮಾಡಲ್ಲ. ಯಾಕಂದ್ರೆ ಅದು ಡಿಪೋ ಬಿಟ್ಟು ಹೊರಗೇ ಹೋಗಲ್ಲ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೊಕ್ಕರೆ ಎರಡೂ ಕಾಲು ಊರಿ ನಕ್ಕ. ಗಡಿಯಾರ ಕೂಡ ಟೈಮು ನೋಡದೆ ನಕ್ಕ.

ಮನೆಗೆ ಬಂದು ನಮ್ಮಾಕೆಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತ, "ಆ ಹುಡುಗಿ ಏನಂದ್ಲು?" ಅಂದಳು.

"ಅವಳು ಅಲ್ಲಿರಲಿಲ್ಲ. ಬಸ್ಸಿನ ಕೆಳಗಿದ್ಲು, ಕೆಲಸ ಮಾಡ್ತಾ."

"ಓ" ಅಂದಳು. ನಗಲಿಲ್ಲ. ಇವಳಿಗೆ ಜೋಕು ಅರ್ಥವಾಗುವುದು ಮೂರನೇ ದಿನಕ್ಕೆ.

ಜುಲೈ ೧೨, ಶುಕ್ರವಾರ

ಆರ್ಡರು ಬಂತು. ಹುಡುಗಿಯನ್ನು ಸೋಮವಾರದಿಂದ ಸೀಟು ಹೊಲಿಯುವ ಶೆಡ್ಡಿಗೆ ಹಾಕಿದ್ದಾರೆ. ಅಲ್ಲಿ ದಿನಗೂಲಿ. ಇಷ್ಟು ವರ್ಷದಲ್ಲಿ ಅಲ್ಲಿಂದ ಒಬ್ಬರೂ ಕಾಯಂ ಆಗಿಲ್ಲ. "ಕೆಲಸ ನಿಧಾನ ಅಂತ ಎಲ್ಲರೂ ಹೇಳ್ತಾರೆ. ಅಲ್ಲಾದ್ರೆ ಹೆಂಗಸರೇ ಇರೋದು, ಅವರಿಗೂ ಅನುಕೂಲ" ಅಂತ ಗಡಿಯಾರ ಹಾಜರಿಯಲ್ಲಿ ಓದಿದ. ಎಲ್ಲರೂ ಅಂದರೆ ಯಾರು ಅಂತ ಯಾರೂ ಕೇಳಲಿಲ್ಲ.

ಆಕೆ ಸಂಜೆ ಸ್ಪ್ಯಾನರುಗಳನ್ನು ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಪೆಟ್ಟಿಗೆಯಲ್ಲಿಟ್ಟು ನನಗೊಪ್ಪಿಸಿದಳು. ಏನಾದರೂ ಹೇಳಬೇಕಲ್ಲ ಅಂತ, "ನೆರಳಲ್ಲಿ ಕೂತು ಮಾಡೋ ಕೆಲಸ, ಒಳ್ಳೇದೇ ಆಯ್ತು ಬಿಡು" ಅಂದೆ.

"ನನಗೆ ಹೊಲಿಯೋಕೆ ಬರಲ್ಲ ಮಾವ" ಅಂದಳು.

ನಾನು ಜೋಕು ಹೇಳಿದೆ, ಆರ್ಡರು ಬರೆಯಲಿಲ್ಲ. ಬರೆದವರು ಸಾಹೇಬರು. ಒಂದು ನಗುವಿನ ಮೇಲೆ ಆರ್ಡರು ಬರೆಯುವವರಿದ್ದರೆ ಅದು ನನ್ನ ತಪ್ಪೆ?

ಜುಲೈ ೧೩, ಶನಿವಾರ

ಮನೆಗೆ ಬರುವ ಬಸ್ಸಿನಲ್ಲಿ ಪರಿಚಯವಿಲ್ಲದ ಕಂಡಕ್ಟರ್ ಒಬ್ಬ ಪಕ್ಕದವನಿಗೆ ಹೇಳುತ್ತಿದ್ದ: ಯಾವುದೋ ಡಿಪೋದಲ್ಲಿ ಹೆಂಗಸು ಬ್ರೇಕ್ ಕಟ್ಟೋದಂತೆ, ಅಪಘಾತವೇ ಇಲ್ಲವಂತೆ, ಯಾಕಂದ್ರೆ... ನನ್ನದೇ ಜೋಕು, ಒಂದಕ್ಷರ ಬದಲಿಲ್ಲದೆ. ಬೇರೆ ದಿನವಾಗಿದ್ದರೆ ಕಾಲರ್ ಎತ್ತಿ, ಅದು ನಮ್ಮ ಫ್ಯಾಕ್ಟರಿ ಮಾಲು ಸ್ವಾಮಿ ಅನ್ನುತ್ತಿದ್ದೆ. ಇಳಿಯುವ ಸ್ಟಾಪಿಗೆ ಮೊದಲೇ ಇಳಿದು ನಡೆದುಕೊಂಡು ಬಂದೆ. ನಡೆದರೆ ಒಳ್ಳೆಯದು, ಸಕ್ಕರೆ ಕಾಯಿಲೆ ಬರುವುದಿಲ್ಲ.

ನಮ್ಮಾಕೆಗೆ ಆರ್ಡರಿನ ವಿಷಯ ಹೇಳಿದೆ. ಜೋಕು ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ, ಮೂರನೇ ದಿನವಾದರೂ.

"ಒಂದು ಕೇಳ್ತೀನಿ. ನೀವು ನಗಿಸಿದ್ದಕ್ಕೆ ಅವಳ ಕೆಲಸ ಹೋಯ್ತಾ, ಇಲ್ಲಾ ಹೋಗ್ಲಿ ಅಂತಾನೇ ನಗಿಸಿದ್ರಾ?"

"ಏನು ಮಾತೂಂತ ಆಡ್ತೀಯ ನೀನು" ಅಂದೆ.

"ಕೇಳಿದೆ ಅಷ್ಟೇ. ನೀವು ಸುಮ್ಮನೆ ಆಡಿದ ಜೋಕು ನನಗೆ ಗೊತ್ತು, ಯಾರ ಮೇಲೋ ಹಲ್ಲು ಕಡೀತಾ ಆಡಿದ ಜೋಕೂ ಗೊತ್ತು. ಮದುವೆಯಾಗಿ ಇಷ್ಟು ವರ್ಷ ಆಯ್ತಲ್ಲ."

ಊಟಕ್ಕೆ ಉಪ್ಪು ಹೆಚ್ಚಾಗಿತ್ತು. ಹೇಳಲಿಲ್ಲ.

ಜುಲೈ ೧೬, ಮಂಗಳವಾರ

ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಜೂನ್ ೨೭ರಂದು ನಾನು ಒಂದು ಬಸ್ಸಿನ ಬ್ರೇಕು ಮುಗಿಸಿ, ಸಹಿ ಹಾಕಿ, ಕೀಲಿಕೈ ಡ್ರೈವರನ ಕೈಗೆ ಕೊಟ್ಟೆ. ಹುಡುಗಿ ಬಸ್ಸಿನಡಿ ಕೆಲಸ ಮಾಡುವ ಪಕ್ಕದ ಗುಂಡಿಯಿಂದ ಎದ್ದು ಬಂದು, "ಮಾವ, ಆ ಗಾಳಿ ಪೈಪಿನ ನಟ್ಟು ಇನ್ನೊಂದು ಸುತ್ತು ಬೇಕೇನೋ, ಒಂದ್ಸಲ ನೋಡ್ತೀರಾ" ಅಂದಳು. ಮೆಲ್ಲಗೇ ಅಂದಳು. ಡ್ರೈವರು ಕೇಳಿಸಿಕೊಂಡ. ಬಗ್ಗಿ ನೋಡಿದೆ. ಇನ್ನೊಂದು ಸುತ್ತಲ್ಲ, ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಕೊಕ್ಕರೆಗೆ ಯಾವುದೋ ಕಥೆ ಹೇಳುತ್ತ ಹೇಳುತ್ತ ಬಿಗಿಯುವುದನ್ನೇ ಮರೆತಿದ್ದೆ. ಮುಂದಿನ ಇಳಿಜಾರಿನಲ್ಲಿ ಪೈಪು ಕಳಚಿದ್ದರೆ ಬಸ್ಸಿಗೆ ಬ್ರೇಕೇ ಇಲ್ಲ. ಬಿಗಿದು ಕೊಟ್ಟೆ. ಆಕೆ ಆಮೇಲೆ ಯಾರ ಹತ್ತಿರವೂ ಆ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಎತ್ತದೆ ಇದ್ದದ್ದೇ ನನಗೆ ಗಂಟಲ ಮುಳ್ಳಾಯಿತು.

ಸಾಹೇಬರು ಕೇಳಿದಾಗ ನನ್ನ ತಲೆಯಲ್ಲಿದ್ದದ್ದು ಆ ನಟ್ಟು. ಬಾಯಿಂದ ಬಂದದ್ದು ಜೋಕು.

ಇನ್ನೊಂದು. ಬುಲ್ಡೋಜರನಿಗೆ ನಾನು ಊಟದ ಹೊತ್ತಿಗೇ ಹೋಗಿ ಬೋಲ್ಟು ತೋರಿಸಿದೆ. ಸಾಮಾನು ಮುರಿದು ಅತ್ತವನಿಗೆ ಬಲಶಾಲಿಯ ಹೆಸರು ಕೊಟ್ಟೆ. ಏನನ್ನೂ ಮುರಿಯದೆ, ಅಳದೆ, ಸಂಜೆಯವರೆಗೆ ಬಿಡದೆ ಹಿಡಿದವಳಿಗೆ ಸೋಮಾರಿಯ ಹೆಸರು. ಹೆಸರಿಡುವಾಗ ನಾನು ಏನನ್ನು ನೋಡಿ ಇಟ್ಟೆ? ಕೆಲಸವನ್ನಂತೂ ನೋಡಲಿಲ್ಲ.

ಜುಲೈ ೧೮, ಗುರುವಾರ

ಸರಿಮಾಡೋಣ ಅಂತ ಹೊರಟೆ.

ಗಡಿಯಾರನ ಹತ್ತಿರ ಹೋಗಿ, ಆ ಹುಡುಗಿ ನಿಧಾನ ಏನಲ್ಲ, ಬುಲ್ಡೋಜರನಷ್ಟೇ ಚುರುಕು ಅಂದೆ. ಅವನು ನನ್ನ ಮುಖ ನೋಡಿ, "ಮುಂದೆ ಹೇಳು ಮಾವ. ನಗೋದು ಎಲ್ಲಿ ಬರುತ್ತೆ?" ಅಂದ.

"ಜೋಕಲ್ಲ, ನಿಜ."

"ಅದೇ ಚೆನ್ನಾಗಿರೋದು. ಮುಖ ಎಷ್ಟು ಗಂಭೀರವಾಗಿ ಇಟ್ಕೊಂಡಿದ್ದೀಯ ನೋಡು."

ಕೊಕ್ಕರೆಗೆ ಹೇಳಿದೆ. ಅವನು ಕಣ್ಣು ಮಿಟುಕಿಸಿ, "ಏನು ಮಾವ, ಈ ವಯಸ್ಸಲ್ಲಿ ಬ್ರೇಕ್ ಫೇಲಾ? ಅತ್ತೆಗೆ ಹೇಳ್ಲಾ?" ಅಂದ. ಬುಲ್ಡೋಜರ್ ಸೀಟಿಯೂದಿದ. ಸಂಜೆಯೊಳಗೆ ಆ ಮಾತು ಕ್ಯಾಂಟೀನು ದಾಟಿ ಸೀಟಿನ ಶೆಡ್ಡಿಗೂ ಹೋಗಿರಬೇಕು. ನಾನು ಅಲ್ಲಿಂದ ಹಾದುಹೋಗುವಾಗ ಮಿಷಿನ್ನುಗಳೆಲ್ಲ ಒಟ್ಟಿಗೆ ನಿಂತವು.

ಕೆಸರು ತೊಳೆಯಲು ಹೋಗಿ ಆಕೆಯ ಮೇಲೇ ಎರಚಿದೆ.

ಜುಲೈ ೧೯, ಶುಕ್ರವಾರ

ನಲ್ಲಿಯ ಹತ್ತಿರ ಆಕೆ ನನ್ನನ್ನು ನಿಲ್ಲಿಸಿದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗಾಯ, ಒಂದಕ್ಕೆ ಬಟ್ಟೆ ಸುತ್ತಿದ್ದಳು.

"ಮಾವ, ನನ್ನ ಪರವಾಗಿ ಮಾತಾಡ್ತಿದ್ದೀರಂತೆ."

"ಹೌದಮ್ಮ. ನನ್ನಿಂದ ಆಗಿದ್ದು, ನಾನೇ..."

"ನಿಲ್ಲಿಸಿಬಿಡಿ. ನೀವು ನನ್ನನ್ನ ಹೊಗಳಿದಷ್ಟೂ ಅವರು ಬೇರೆ ಏನೋ ಹುಡುಕ್ತಾರೆ. ನಿನ್ನೆ ನನ್ನ ತಮ್ಮನ ತನಕ ಹೋಯ್ತು ಆ ಮಾತು. ಇಂಥ ಕಡೆ ಕೆಲಸಕ್ಕೆ ಹೋಗೋದೇ ಬೇಡ ಅಂತ ಮನೇಲಿ ಶುರುಮಾಡಿದ್ದಾರೆ."

ಆಕೆ ನಲ್ಲಿ ನಿಲ್ಲಿಸಿದಳು.

"ಹೇಳಲೇಬೇಕು ಅಂತಿದ್ರೆ ನನ್ನ ಬಗ್ಗೆ ಹೇಳ್ಬೇಡಿ. ನಿಮ್ಮ ಬಗ್ಗೆ ಹೇಳಿ. ಅದನ್ನ ಹೇಳೋಕೆ ಆಗಲ್ಲ ಅಂದ್ರೆ ಸುಮ್ಮನಿರಿ."

ಜುಲೈ ೨೧, ಭಾನುವಾರ

ನಾಳೆ ಸೋಮವಾರ. ಸಾಹೇಬರು ಹಾಜರಿಗೆ ಬರುವ ದಿನ. ನಟ್ಟಿನ ವಿಷಯ ಬಿಟ್ಟು ಉಳಿದದ್ದು ಹೇಳಿದರೆ ಸಾಕಾಗಬಹುದು. ಪುಟ್ಟಿ, ತೂತು, ಹೆಸರು. ಅಷ್ಟೂ ನಗುವ ಮಾತೇ.

ನಮ್ಮಾಕೆ ಶರ್ಟಿಗೆ ಇಸ್ತ್ರಿ ಹಾಕಿಟ್ಟಿದ್ದಾಳೆ. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಜುಲೈ ೨೨, ಸೋಮವಾರ

ಹಾಜರಿ ಮುಗಿದ ಮೇಲೆ ಕೈ ಎತ್ತಿ, "ಸಾರ್, ಎರಡು ಮಾತು" ಅಂದೆ. ಅಷ್ಟಕ್ಕೇ ಹಿಂದಿನ ಸಾಲಿನಲ್ಲಿ ನಗು ಶುರುವಾಯಿತು.

"ಮೂಲೆ ಬಸ್ಸಿನ ತೂತು ಮುಚ್ಚಿದ್ದು ನಾನು" ಅಂದೆ. ನಕ್ಕರು. "ತೂತೇ ಇಲ್ಲ ಅಂತ ಸುಳ್ಳು ಹೇಳಿದೆ. ಎಲ್ಲರಿಗೂ ಮಧ್ಯಾಹ್ನ ಹೇಳಿಕೊಟ್ಟಿದ್ದನ್ನ ಒಬ್ಬಳಿಗೆ ಮಾತ್ರ ಸಂಜೆ ತನಕ ಹೇಳಲಿಲ್ಲ" ಅಂದೆ. ಇನ್ನೂ ಜೋರಾಗಿ ನಕ್ಕರು. ಸಾಹೇಬರೂ ತುಟಿ ಕಚ್ಚಿಕೊಂಡಿದ್ದರು. ನಾನು ಬಾಯಿ ತೆರೆದರೆ ನಗಬೇಕೆಂದು ನಾನೇ ಇವರನ್ನು ಪಳಗಿಸಿದ್ದು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಬೆನ್ನು ತಟ್ಟಿ ಟೀ ಕೊಡಿಸುತ್ತಿದ್ದರು. ಕಾಲು ಹಿಂದಕ್ಕೆ ಹೋಗಿಯೂ ಇತ್ತು.

ಸೀಟಿನ ಶೆಡ್ಡಿನವರು ಕೊನೆಯಲ್ಲಿ ನಿಂತಿದ್ದರು. ಆಕೆ ನನ್ನನ್ನು ನೋಡುತ್ತಿರಲಿಲ್ಲ. ಕೈಯ ಬಟ್ಟೆ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದಳು.

"ಜೂನ್ ಇಪ್ಪತ್ತೇಳಕ್ಕೆ ನಾನು ಗಾಳಿ ಪೈಪಿನ ನಟ್ಟು ಬಿಗಿಯದೆ ಬಸ್ಸಿಗೆ ಸಹಿ ಹಾಕಿದೆ. ಡ್ರೈವರ್ ಕೈಗೆ ಕೀಲಿಕೈನೂ ಕೊಟ್ಟೆ. ಹಿಡಿದವಳು ಆಕೆ. ಆ ಸಿಟ್ಟಿಗೆ ನಿಮ್ಮ ಮುಂದೆ ಆ ಜೋಕು ಹೇಳಿದೆ ಸಾರ್. ಕೆಲಸದ ಬಗ್ಗೆ ಕೇಳಿದ್ರಿ, ನಾನು ಕೆಲಸದ ಬಗ್ಗೆ ಹೇಳಲಿಲ್ಲ."

ಬುಲ್ಡೋಜರ್ ಒಬ್ಬ ಮಾತ್ರ ಅಭ್ಯಾಸಬಲದಿಂದ ಇನ್ನೊಂದು ಕ್ಷಣ ನಕ್ಕ. ಆಮೇಲೆ ಅವನೂ ನಿಲ್ಲಿಸಿದ. ಬ್ರೇಕಿನ ಪೈಪು ಡಿಪೋದಲ್ಲಿ ನಗುವ ವಿಷಯವಲ್ಲ. ಡ್ರೈವರುಗಳ ಸಾಲಿನಿಂದ ಒಬ್ಬ, ಆ ಬಸ್ಸಿನವನೇ, "ನಿಜ ಸಾರ್. ಪೈಪಿನ ವಿಷಯ ಆಕೆ ಹೇಳಿದಾಗ ನಾನು ಅಲ್ಲೇ ಇದ್ದೆ" ಅಂದ. ಇಷ್ಟು ದಿನ ಅವನೂ ಆಕೆಯನ್ನು ನಿಧಾನಮ್ಮ ಅಂತಲೇ ಕರೆಯುತ್ತಿದ್ದ.

ಸಾಹೇಬರು, "ಒಳಗೆ ಬಾ" ಅಂದರು.

ಜುಲೈ ೨೫, ಗುರುವಾರ

ನನ್ನನ್ನು ಬ್ರೇಕಿನಿಂದ ತೆಗೆದು ಬಸ್ಸು ತೊಳೆಯುವ ಕಡೆ ಹಾಕಿದ್ದಾರೆ. ವಿಚಾರಣೆ ಮುಗಿಯುವ ತನಕ ನನ್ನ ಸಹಿ ನಡೆಯುವುದಿಲ್ಲ. ಸರಿಯಾಗಿಯೇ ಇದೆ.

ಹುಡುಗಿಯನ್ನು ವಾಪಸ್ ಕರೆಸಿದ್ದಾರೆ. ಆದರೆ ಹೊಸದಾಗಿ ಆರು ವಾರ, ಮೊದಲಿನಿಂದ. "ಹಿಂದಿನ ಆರು ವಾರ ಆಕೆ ಮಾಡಿದ್ದಾಳಲ್ಲ ಸಾರ್" ಅಂದೆ. "ಆ ಆರು ವಾರದ ಬಗ್ಗೆ ಹೇಳಬೇಕಾದವನು ನೀನು. ನೀನು ಹೇಳಿದ್ದಕ್ಕೆ ಈಗ ಏನು ಬೆಲೆ?" ಅಂದರು. ಸೆಕ್ಷನ್ನನ್ನು ಸದ್ಯಕ್ಕೆ ಬುಲ್ಡೋಜರ್ ನೋಡಿಕೊಳ್ಳುತ್ತಾನೆ. ಅವನ ಕೈಕೆಳಗೆ ಆಕೆ. ಹೆಂಗಸರ ಕೋಣೆಯ ಬೀಗದ ಕೈ ಇನ್ನೂ ವಾಚ್‌ಮನ್ ಹತ್ತಿರವೇ ಇದೆ. ಅದನ್ನು ಕೇಳಿದೆ. "ಅದು ಬೇರೆ ವಿಭಾಗ" ಅಂದರು.

ಕೊಕ್ಕರೆ, ಅಂದರೆ ವೆಲ್ಡರು, ನನ್ನ ಜೊತೆ ಟೀಗೆ ಬರುತ್ತಿಲ್ಲ.

ಆಗಸ್ಟ್ ೧, ಗುರುವಾರ

ಬ್ರೇಕ್ ಕೆಲಸಕ್ಕೆ ಮೊದಲು ಚಕ್ರ ತೊಳೆಯಬೇಕು. ಇವತ್ತು ಆಕೆ ತೊಳೆಯುವ ಇಳಿಜಾರಿಗೆ ಬಂದಳು. ಬರುತ್ತಾಳೆಂದು ನನಗೆ ಗೊತ್ತಿತ್ತು. ಬೆಳಗ್ಗೆಯೇ ಕೆಲಸದ ಪಟ್ಟಿ ಓದಿದ್ದರು. ಬಗ್ಗಿ ಚಕ್ರದ ಒಳಗೆ ಟಾರ್ಚು ಬಿಟ್ಟು ನೋಡಿ, "ಮೇಸ್ತ್ರಿ, ಒಳಗಡೆ ಇನ್ನೂ ಕೆಸರಿದೆ. ಇನ್ನೊಂದ್ಸಲ ನೀರು ಹೊಡೀರಿ" ಅಂದಳು. ಮಾವ ಅನ್ನಲಿಲ್ಲ.

ಹೊಡೆದೆ. ಆಕೆ ಮತ್ತೆ ನೋಡಿ ತಲೆಯಾಡಿಸಿದಳು. ಹೊರಡುವಾಗ ನಾನೇ ಮಾತು ತೆಗೆದೆ.

"ಅಂತೂ ವಾಪಸ್ ಬಂದ್ಯಲ್ಲಮ್ಮ. ಎಲ್ಲ ಸರಿಹೋಯ್ತು."

"ಯಾರಿಗೆ, ಮೇಸ್ತ್ರಿ?" ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ನಿಜವಾಗಿ ಕೇಳುವವರ ಹಾಗೆ ಕೇಳಿ, ಉತ್ತರಕ್ಕೆ ಒಂದು ಕ್ಷಣ ನಿಂತಳು ಕೂಡ. ಆಮೇಲೆ ಬಸ್ಸಿನ ಹಿಂದೆ ನಡೆದು ಹೋದಳು.

ಆಕೆ ಬಂದು ಉಪಕಾರವಾಯಿತು ಅಂದರೆ, "ಇರಲಿ ಬಿಡಮ್ಮ, ಅದರಲ್ಲೇನಿದೆ" ಅನ್ನಬೇಕೆಂದು ಬೆಳಗ್ಗೆಯಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಎರಡು ಮೂರು ಸಲ ಹೇಳಿಕೊಂಡು ನೋಡಿಯೂ ಇದ್ದೆ, ದನಿ ತಗ್ಗಿಸಿ, ದೊಡ್ಡ ಮನುಷ್ಯನ ಹಾಗೆ.

ಪೈಪು ಸುತ್ತಿಟ್ಟು ಬಂದೆ.